ಜಾಲತಾಣದ ಸ್ಥಳಾಂತರದ ಸಂದರ್ಭದಲ್ಲಿ ಉಂಟಾಗುವ ಸಂರಚನಾ ವೈರುಧ್ಯಗಳು ಮತ್ತು ಅವುಗಳ ಪರಿಹಾರ: ಅರ್ಜಿದಾರರ ಮಾಹಿತಿಗಾಗಿ

ಇಲಾಖೆಗಳ ಜಾಲತಾಣಗಳನ್ನು ಕಾಲಕಾಲಕ್ಕೆ ಹೊಸ ತಂತ್ರಾಂಶಕ್ಕೆ ಅಥವಾ ಹೊಸ ಸರ್ವರಿಗೆ ಸ್ಥಳಾಂತರಿಸಬೇಕಾಗುತ್ತದೆ. ಹಳೆಯ ತಂತ್ರಾಂಶಕ್ಕೆ ಸುರಕ್ಷತಾ ಪರಿಷ್ಕರಣೆಗಳು ನಿಂತುಹೋಗುವುದು, ಬಳಕೆದಾರರ ಸಂಖ್ಯೆ ಹೆಚ್ಚುವುದು, ಹೊಸ ಸೇವೆಗಳನ್ನು ಸೇರಿಸಬೇಕಾಗುವುದು ಮುಂತಾದವು ಇದಕ್ಕೆ ಸಾಮಾನ್ಯ ಕಾರಣಗಳು. ಇಂತಹ ಸ್ಥಳಾಂತರವಾದ ಬಳಿಕ ಕೆಲವು ದಿನಗಳವರೆಗೆ ಅರ್ಜಿದಾರರಿಗೆ ವಿಚಿತ್ರವೆನಿಸುವ ತೊಂದರೆಗಳು ಎದುರಾಗುವುದುಂಟು. ಕನ್ನಡದಲ್ಲಿ ನಮೂದಿಸಿದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮುದ್ರಣವಾಗುತ್ತದೆ. ಎಲ್ಲ ವಿವರಗಳನ್ನು ತುಂಬಿ ಸಲ್ಲಿಸಿದರೂ ನಮೂನೆಯು ಖಾಲಿಯಾಗಿ ಹಿಂದಿರುಗುತ್ತದೆ. ಕೊನೆಯ ದಿನಾಂಕದಂದೇ ಸಲ್ಲಿಸಿದ ಅರ್ಜಿಯು ಮರುದಿನದ ಅರ್ಜಿಯೆಂದು ದಾಖಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಅರ್ಜಿದಾರರ ತಪ್ಪಿನಿಂದ ಆಗುವಂಥವಲ್ಲ. ಇವು ಏಕೆ ಸಂಭವಿಸುತ್ತವೆ, ತಾಂತ್ರಿಕ ಸಿಬ್ಬಂದಿ ಇವುಗಳನ್ನು ಹೇಗೆ ಸರಿಪಡಿಸುತ್ತಾರೆ ಹಾಗೂ ಈ ನಡುವೆ ಅರ್ಜಿದಾರರು ತಮ್ಮ ಹಕ್ಕನ್ನು ಹೇಗೆ ಕಾಪಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಂರಚನೆ ಎಂದರೇನು?

ಈಗಿನ ಹೆಚ್ಚಿನ ಜಾಲತಾಣಗಳು ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾ ಮುಂತಾದ ವಿಷಯ ನಿರ್ವಹಣಾ ತಂತ್ರಾಂಶಗಳಿಂದ ನಡೆಯುತ್ತವೆ. ಪುಟಗಳನ್ನು ಒಂದೊಂದಾಗಿ ಬರೆದು ಇಡುವ ಬದಲು, ವಿಷಯವನ್ನು ಡೇಟಾಬೇಸ್‌ನಲ್ಲಿ ಸಂಗ್ರಹಿಸಿ, ನಾಗರಿಕರು ಕೋರಿದಾಗ ಪುಟವನ್ನು ಸಿದ್ಧಪಡಿಸಿ ಕೊಡುವುದು ಈ ತಂತ್ರಾಂಶಗಳ ಕೆಲಸ. ಆದರೆ ತಂತ್ರಾಂಶವು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಮುಂದೆ ಕೋರಿಕೆಗಳನ್ನು ಸ್ವೀಕರಿಸುವ ವೆಬ್ ಸರ್ವರ್ ಇರುತ್ತದೆ. ಅದರ ಕೆಳಗೆ ಪಿ.ಹೆಚ್.ಪಿ. ಎಂಬ ಭಾಷೆಯ ಚಾಲಕ ತಂತ್ರಾಂಶ ಇರುತ್ತದೆ; ಹಿಂದೆ ಡೇಟಾಬೇಸ್ ಇರುತ್ತದೆ. ಕಡತದ ಗರಿಷ್ಠ ಗಾತ್ರ ಎಷ್ಟು, ಲಿಪಿ ಯಾವುದು, ಗಡಿಯಾರ ಯಾವ ಪ್ರದೇಶದ್ದು, ಜಾಲತಾಣದ ವಿಳಾಸ ಯಾವುದು ಎಂಬ ನಿರ್ಧಾರಗಳನ್ನು ಈ ಪದರಗಳು ಪ್ರತ್ಯೇಕವಾಗಿ ಬರೆದಿಟ್ಟುಕೊಂಡಿರುತ್ತವೆ. ಈ ನಿರ್ಧಾರಗಳ ಒಟ್ಟು ಮೊತ್ತವೇ ಸಂರಚನೆ.

ಒಂದೇ ವಿಷಯದ ಬಗ್ಗೆ ಎರಡು ಪದರಗಳು ಬೇರೆ ಬೇರೆ ನಿರ್ಧಾರವನ್ನು ಹೊಂದಿದ್ದರೆ ಅದು ಸಂರಚನಾ ವೈರುಧ್ಯ. ಹಳೆಯ ಸರ್ವರಿನಲ್ಲಿ ವರ್ಷಗಳ ಅನುಭವದಿಂದ ಯಾರೋ ಸರಿಪಡಿಸಿದ್ದ ಒಂದು ಸಂಖ್ಯೆ ಹೊಸ ಸರ್ವರಿಗೆ ಬಂದಿರುವುದಿಲ್ಲ; ಅಲ್ಲಿ ತಯಾರಕರು ಇಟ್ಟ ಮೂಲ ಸಂಖ್ಯೆಯೇ ಉಳಿದಿರುತ್ತದೆ. ಸ್ಥಳಾಂತರದಲ್ಲಿ ತಂತ್ರಾಂಶವೂ ದತ್ತಾಂಶವೂ ಸಾಗಿ ಬರುತ್ತವೆ. ಆದರೆ ಹಳೆಯ ಯಂತ್ರದಲ್ಲಿ ಕೈಯಿಂದ ಮಾಡಿದ ತಿದ್ದುಪಡಿಗಳು ಅನೇಕ ವೇಳೆ ಹಿಂದೆಯೇ ಉಳಿಯುತ್ತವೆ. ಪರೀಕ್ಷಾ ಸರ್ವರಿನಲ್ಲಿ ಎಲ್ಲವೂ ಸರಿಯಾಗಿ ನಡೆದು ನೈಜ ಸರ್ವರಿನಲ್ಲಿ ಮಾತ್ರ ತೊಂದರೆ ಕಾಣಿಸುವುದಕ್ಕೆ ಮುಖ್ಯ ಕಾರಣ ಇದೇ.

ಕನ್ನಡ ಅಕ್ಷರಗಳು ಕೆಡುವ ಮೂರು ಬಗೆಗಳು

ನಾಗರಿಕ ಸೇವೆಗಳ ದೃಷ್ಟಿಯಿಂದ ಅತ್ಯಂತ ಗಂಭೀರವಾದ ವೈರುಧ್ಯ ಲಿಪಿಗೆ ಸಂಬಂಧಿಸಿದ್ದು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಾಗಲಿ, ಪಹಣಿಯಲ್ಲಾಗಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ನ್ಯಾಯಾಲಯದಲ್ಲಿ ಅದನ್ನು ವಿವರಿಸುವ ಹೊಣೆ ಪ್ರಮಾಣಪತ್ರ ಪಡೆದವರ ಮೇಲೆ ಬೀಳುತ್ತದೆ. ಆದ್ದರಿಂದ ಅಕ್ಷರಗಳು ಕೆಟ್ಟಿರುವುದು ಕಂಡಾಗ ಅದು ಯಾವ ಬಗೆಯ ಕೆಡುಕು ಎಂಬುದನ್ನು ಗುರುತಿಸುವುದು ಉಪಯುಕ್ತ.

ಮೊದಲನೆಯದಾಗಿ, ಅಕ್ಷರಗಳ ಸ್ಥಾನದಲ್ಲಿ ಚೌಕಾಕಾರದ ಖಾಲಿ ಪೆಟ್ಟಿಗೆಗಳು ಕಾಣಬಹುದು. ಇದರ ಅರ್ಥ ನೋಡುತ್ತಿರುವ ಗಣಕಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲ ಎಂಬುದಷ್ಟೆ. ಸರ್ವರಿನಲ್ಲಿ ಮಾಹಿತಿ ಸುರಕ್ಷಿತವಾಗಿರುತ್ತದೆ. ಬೇರೊಂದು ಗಣಕದಲ್ಲಿ ಅಥವಾ ಮೊಬೈಲಿನಲ್ಲಿ ತೆರೆದರೆ ಸರಿಯಾಗಿ ಕಾಣುತ್ತದೆ.

ಎರಡನೆಯದು, ಕನ್ನಡದ ಬದಲಿಗೆ ರೋಮನ್ ಅಕ್ಷರಗಳ ಗೊಂದಲ ಕಾಣುವುದು. ಇದರಲ್ಲಿಯೂ ಎರಡು ವಿಧಗಳಿವೆ. ತಲೆಯ ಮೇಲೆ ಓರೆಗೆರೆ ಇರುವ ಚಿಕ್ಕ 'ಎ' ಅಕ್ಷರವೂ ಅದರ ಪಕ್ಕದಲ್ಲಿ ಮೇಲ್ಗಡೆ ಬರೆದ ಸಣ್ಣ 2 ಅಥವಾ 3 ಅಂಕಿಯೂ ಮತ್ತೆ ಮತ್ತೆ ಬರುತ್ತಿದ್ದರೆ, ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಯಾವುದೋ ಒಂದು ಪದರವು ಪಶ್ಚಿಮ ಯೂರೋಪಿನ ಲಿಪಿಯೆಂದು ತಿಳಿದು ಓದುತ್ತಿದೆ ಎಂದರ್ಥ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳಾಗಿ ದಾಖಲಾಗುತ್ತದೆ; ಮೊದಲೆರಡು ಬೈಟ್‌ಗಳು ಕನ್ನಡದ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಪುನರಾವರ್ತನೆ ಕಾಣುತ್ತದೆ. ಇಂತಹ ಸಂದರ್ಭದಲ್ಲಿ ಮಾಹಿತಿಯನ್ನು ಸಾಮಾನ್ಯವಾಗಿ ಮರಳಿ ಪಡೆಯಬಹುದು. ಇನ್ನೊಂದು ವಿಧ ಹಳೆಯ ನುಡಿ ಮುಂತಾದ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಯಿಂದ ಬೆರಳಚ್ಚು ಮಾಡಿದ ಪಠ್ಯ. ಅದರಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕೂರಿಸಲಾಗಿತ್ತು; 'ಕನ್ನಡ' ಎಂಬ ಪದವು ಆ ಅಕ್ಷರಶೈಲಿ ಇಲ್ಲದ ಕಡೆ 'ಪಿ' ಅಕ್ಷರದಿಂದ ಆರಂಭವಾಗಿ, ನಡುವೆ ಪೌಂಡ್ ನಾಣ್ಯದ ಚಿಹ್ನೆಯೊಡನೆ ಕಾಣುವುದನ್ನು ಅನೇಕರು ನೋಡಿರಬಹುದು. ಹಳೆಯ ಕಡತದಿಂದ ನಕಲು ಮಾಡಿ ಅರ್ಜಿಯ ನಮೂನೆಯಲ್ಲಿ ಅಂಟಿಸಿದಾಗ ಹೀಗಾಗುತ್ತದೆ. ಇದು ಸಂರಚನಾ ವೈರುಧ್ಯವಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಅಥವಾ ಹೊಸದಾಗಿ ಬೆರಳಚ್ಚು ಮಾಡಿ ನಮೂದಿಸತಕ್ಕದ್ದು.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದೇ ಅಪಾಯಕಾರಿಯಾದುದು. ಜಾಲತಾಣದ ತಂತ್ರಾಂಶವು ಯೂನಿಕೋಡ್‌ನಲ್ಲಿ ಹೆಸರನ್ನು ಕಳುಹಿಸಿರುತ್ತದೆ, ಆದರೆ ಡೇಟಾಬೇಸ್‌ನ ಆ ಅಂಕಣವು ಲ್ಯಾಟಿನ್-1 ಎಂಬ ಲಿಪಿಗೆ ನಿಗದಿಯಾಗಿರುತ್ತದೆ. ಆ ಲಿಪಿಯಲ್ಲಿ ಕನ್ನಡಕ್ಕೆ ಸ್ಥಾನವಿಲ್ಲದ ಕಾರಣ, ಪ್ರತಿ ಸಂಕೇತದ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದಿಡಲಾಗುತ್ತದೆ. ಬಹಳ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 2018ರಲ್ಲಿ ಬಂದ 8.0 ಆವೃತ್ತಿಯವರೆಗೂ ಲ್ಯಾಟಿನ್-1 ಲಿಪಿಯೇ ಮೂಲ ಆಯ್ಕೆಯಾಗಿತ್ತು. ಆದ್ದರಿಂದ ಹಳೆಯ ಕೋಷ್ಟಕಗಳಲ್ಲಿ ಅದು ಇನ್ನೂ ಉಳಿದಿರುವ ಸಾಧ್ಯತೆ ಇರುತ್ತದೆ. ಹೀಗೆ ದಾಖಲಾದ ಮೇಲೆ ಮೂಲ ಹೆಸರನ್ನು ಆ ಚಿಹ್ನೆಗಳಿಂದ ಮರಳಿ ಪಡೆಯಲು ಯಾವ ತಂತ್ರಜ್ಞರಿಂದಲೂ ಸಾಧ್ಯವಿಲ್ಲ. ಹೊಸ ಡೇಟಾಬೇಸ್‌ಗೆ ವರ್ಗಾಯಿಸುವ ಮುನ್ನ ತೆಗೆದಿಟ್ಟ ನಕಲು ಪ್ರತಿಯಿಂದ ಅಥವಾ ಅರ್ಜಿದಾರರಿಂದಲೇ ಹೆಸರನ್ನು ಪಡೆಯಬೇಕಾಗುತ್ತದೆ. ಸ್ವೀಕೃತಿ ಪತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡಲ್ಲಿ ಪ್ರಮಾಣಪತ್ರ ಬರುವವರೆಗೆ ಕಾಯದೆ ಅದೇ ದಿನ ಸಂಬಂಧಪಟ್ಟ ಕಚೇರಿಗೆ ತಿಳಿಸುವುದು ಸೂಕ್ತ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ತೊಂದರೆ ಇದೆ: ಹೆಸರು ಅರ್ಧಕ್ಕೆ ಕತ್ತರಿಸಿಹೋಗುವುದು. ಕೆಲವು ಡೇಟಾಬೇಸ್‌ಗಳು ಅಂಕಣದ ಉದ್ದವನ್ನು ಅಕ್ಷರಗಳಲ್ಲಿ ಅಳೆಯದೆ ಬೈಟ್‌ಗಳಲ್ಲಿ ಅಳೆಯುತ್ತವೆ. ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು 30 ಬೈಟ್ ಎಂದು ನಿಗದಿಪಡಿಸಿದ ಅಂಕಣದಲ್ಲಿ ಕನ್ನಡದ ಹತ್ತು ಸಂಕೇತಗಳಿಗೆ ಮಾತ್ರ ಸ್ಥಳವಿರುತ್ತದೆ. ಒತ್ತಕ್ಷರಕ್ಕೂ ಗುಣಿತದ ಚಿಹ್ನೆಗೂ ಬೇರೆ ಬೇರೆ ಸಂಕೇತಗಳು ಬೇಕಾಗುವುದರಿಂದ 'ಶ್ರೀನಿವಾಸ' ಎಂಬುದು ಒಂಬತ್ತು ಸಂಕೇತಗಳ, ಅಂದರೆ 27 ಬೈಟ್‌ಗಳ ಹೆಸರು. 'ಶ್ರೀನಿವಾಸಮೂರ್ತಿ' ಎಂಬುದಕ್ಕೆ 45 ಬೈಟ್‌ಗಳು ಬೇಕು. ಅದು ಆ ಅಂಕಣದಲ್ಲಿ 'ಶ್ರೀನಿವಾಸಮ' ಎಂದು ನಿಂತುಬಿಡುತ್ತದೆ. ಇಂತಹ ಹೆಸರಿನವರು ಮುದ್ರಿತ ಪ್ರತಿಯನ್ನು ಕೊನೆಯ ಅಕ್ಷರದವರೆಗೂ ಓದಿ ನೋಡತಕ್ಕದ್ದು.

ದಾಖಲೆಗಳನ್ನು ಸೇರಿಸುವಾಗ ನಮೂನೆ ಖಾಲಿಯಾಗುವುದು

"ಪ್ರತಿ ದಾಖಲೆಯು 5 ಮೆಗಾಬೈಟ್ ಮೀರಬಾರದು" ಎಂದು ನಮೂನೆಯಲ್ಲಿ ಸೂಚಿಸಲಾಗಿರುತ್ತದೆ. ಅರ್ಜಿದಾರರು ಮೂರು ಮೆಗಾಬೈಟ್‌ನ ಪಡಿತರ ಚೀಟಿಯ ಚಿತ್ರವನ್ನು ಸೇರಿಸುತ್ತಾರೆ. ಆದರೂ ಅದು ತಿರಸ್ಕೃತವಾಗುತ್ತದೆ. ನಮೂನೆಯಲ್ಲಿ ಬರೆದ ಮಿತಿಯು ವಿಷಯ ನಿರ್ವಹಣಾ ತಂತ್ರಾಂಶದ್ದು. ಅದಕ್ಕೂ ಮೊದಲು ಕಡತವು ಇನ್ನೆರಡು ಬಾಗಿಲುಗಳನ್ನು ದಾಟಬೇಕು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಮೂಲ ಮಿತಿ 1 ಮೆಗಾಬೈಟ್, ಪಿ.ಹೆಚ್.ಪಿ.ಯಲ್ಲಿ ಒಂದು ಕಡತಕ್ಕೆ 2 ಮೆಗಾಬೈಟ್ ಹಾಗೂ ಒಂದು ಸಲ್ಲಿಕೆಯ ಒಟ್ಟು ಗಾತ್ರಕ್ಕೆ 8 ಮೆಗಾಬೈಟ್ ಮೂಲ ಮಿತಿಗಳು. ಎಲ್ಲ ಪದರಗಳಲ್ಲಿ ಅತ್ಯಂತ ಚಿಕ್ಕದಾದ ಮಿತಿಯೇ ನಿಜವಾಗಿ ಅನ್ವಯಿಸುತ್ತದೆ. ಹಳೆಯ ಸರ್ವರಿನಲ್ಲಿ ಇವೆಲ್ಲವನ್ನೂ ಹೆಚ್ಚಿಸಲಾಗಿದ್ದು, ಹೊಸದರಲ್ಲಿ ಯಾವುದಾದರೂ ಒಂದು ಮರೆತುಹೋಗಿದ್ದರೆ ನಮೂನೆಯ ಮಾತು ಸುಳ್ಳಾಗುತ್ತದೆ.

ಯಾವ ಬಾಗಿಲಿನಲ್ಲಿ ತಡೆಯಾಯಿತು ಎಂಬುದನ್ನು ಪರದೆಯ ಮೇಲಿನ ಲಕ್ಷಣದಿಂದಲೇ ಬಹುಮಟ್ಟಿಗೆ ಊಹಿಸಬಹುದು. 413 ಎಂಬ ಸಂಖ್ಯೆಯ ದೋಷಸೂಚನೆ ಬಂದರೆ ಕಡತವು ವೆಬ್ ಸರ್ವರಿನಲ್ಲಿಯೇ ನಿಂತಿದೆ. ಇಲಾಖೆಯ ತಂತ್ರಾಂಶಕ್ಕೆ ಅರ್ಜಿ ಬಂದಿರುವ ಸುಳಿವೂ ಇರುವುದಿಲ್ಲ. ಒಂದು ಕಡತ ಮಾತ್ರ ತಿರಸ್ಕೃತವಾಗಿ ಉಳಿದ ವಿವರಗಳು ಹಾಗೆಯೇ ಇದ್ದರೆ ಎರಡನೆಯ ಮಿತಿ ಅಡ್ಡ ಬಂದಿದೆ. ಅತ್ಯಂತ ಗೊಂದಲಕಾರಿಯಾದುದು ಒಟ್ಟು ಗಾತ್ರದ ಮಿತಿ. ತಲಾ ಎರಡೂವರೆ ಮೆಗಾಬೈಟ್‌ನ ನಾಲ್ಕು ದಾಖಲೆಗಳನ್ನು ಸೇರಿಸಿದಾಗ, ಪ್ರತಿಯೊಂದೂ ಸೂಚಿತ ಮಿತಿಯೊಳಗೆ ಇದ್ದರೂ ಒಟ್ಟು 10 ಮೆಗಾಬೈಟ್ ಆಗುತ್ತದೆ. ಆಗ ಪಿ.ಹೆಚ್.ಪಿ.ಯು ಕಡತಗಳ ಜೊತೆಗೆ ಹೆಸರು, ವಿಳಾಸ ಮೊದಲಾದ ಎಲ್ಲ ವಿವರಗಳನ್ನೂ ಕೈಬಿಟ್ಟು, ಖಾಲಿ ನಮೂನೆಯನ್ನು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ತಂತ್ರಾಂಶವು "ಹೆಸರನ್ನು ನಮೂದಿಸಿ" ಎಂದು ಕೇಳುತ್ತದೆ. ಅರ್ಧ ಗಂಟೆ ಕುಳಿತು ಎಲ್ಲವನ್ನೂ ತುಂಬಿದ ಅರ್ಜಿದಾರರು ತಾವೇ ಏನನ್ನೋ ಬಿಟ್ಟಿದ್ದೇವೆಂದು ಭಾವಿಸಿ ಪುನಃ ಪುನಃ ತುಂಬುವುದು ಸಹಜ; ಆದರೆ ಎಷ್ಟು ಬಾರಿ ತುಂಬಿದರೂ ಫಲಿತಾಂಶ ಬದಲಾಗದು.

ಮೂರೂ ಪದರಗಳ ಮಿತಿಗಳನ್ನು ಪರಸ್ಪರ ಹೊಂದಿಸುವುದು ಮತ್ತು ಒಟ್ಟು ಗಾತ್ರದ ಮಿತಿಯನ್ನೂ ನಮೂನೆಯಲ್ಲಿಯೇ ಪ್ರಕಟಿಸುವುದು ತಾಂತ್ರಿಕ ಸಿಬ್ಬಂದಿಯ ಕರ್ತವ್ಯ. ಅದು ಆಗುವವರೆಗೆ ಪ್ರತಿ ದಾಖಲೆಯನ್ನು 1 ಮೆಗಾಬೈಟ್‌ಗಿಂತ ಕಡಿಮೆ ಗಾತ್ರಕ್ಕೆ ಇಳಿಸಿಕೊಂಡಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಅರ್ಜಿ ಸಲ್ಲಿಕೆ ಸಾಧ್ಯವಾಗುತ್ತದೆ. ಮೊಬೈಲಿನ ಛಾಯಾಚಿತ್ರಗಳು ಅಗತ್ಯಕ್ಕಿಂತ ದೊಡ್ಡದಾಗಿರುತ್ತವೆ. ಅಕ್ಷರಗಳು ಓದಲು ಬರುವಷ್ಟು ಸ್ಪಷ್ಟತೆ ಇದ್ದರೆ ಸಾಕು.

ಗಡಿಯಾರದ ವೈರುಧ್ಯ ಮತ್ತು ಕೊನೆಯ ದಿನಾಂಕ

ಅನೇಕ ಸರ್ವರುಗಳ ಗಡಿಯಾರವನ್ನು ಅಂತರರಾಷ್ಟ್ರೀಯ ಪ್ರಮಾಣ ಕಾಲಕ್ಕೆ ಹೊಂದಿಸಿರುತ್ತಾರೆ. ಭಾರತೀಯ ಕಾಲಮಾನವು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಯಾವುದಾದರೂ ಒಂದು ಪದರವು ಈ ವ್ಯತ್ಯಾಸವನ್ನು ಸೇರಿಸಿದರೆ ಸಾಕು. ಎರಡು ಪದರಗಳು ಸೇರಿಸಿದರೆ ಅಥವಾ ಯಾವುದೂ ಸೇರಿಸದಿದ್ದರೆ ದಿನಾಂಕವೇ ಬದಲಾಗುತ್ತದೆ.

ಉದಾಹರಣೆಗೆ, ತಂತ್ರಾಂಶವು ಭಾರತೀಯ ಕಾಲಮಾನದಲ್ಲಿಯೇ ಸಮಯವನ್ನು ಬರೆದು ಕಳುಹಿಸುತ್ತದೆ. ಅದು ಅಂತರರಾಷ್ಟ್ರೀಯ ಕಾಲವೆಂದು ಭಾವಿಸಿದ ಮತ್ತೊಂದು ಪದರವು ಐದೂವರೆ ಗಂಟೆಯನ್ನು ಮತ್ತೆ ಕೂಡಿಸುತ್ತದೆ. ಆಗ 31ನೇ ತಾರೀಖು ರಾತ್ರಿ 8 ಗಂಟೆಗೆ ಸಲ್ಲಿಸಿದ ಅರ್ಜಿಯು 1ನೇ ತಾರೀಖು ಬೆಳಗಿನ ಜಾವ 1.30ರ ಅರ್ಜಿಯಾಗಿ ದಾಖಲಾಗುತ್ತದೆ. ಸಂಜೆ 6.30ರ ನಂತರ ಬಂದ ಎಲ್ಲ ಅರ್ಜಿಗಳಿಗೂ ಇದೇ ಗತಿ. ಕೊನೆಯ ದಿನಾಂಕ 31 ಆಗಿದ್ದಲ್ಲಿ, ಹಗಲೆಲ್ಲ ಕೆಲಸ ಮಾಡಿ ಸಂಜೆ ಸೈಬರ್ ಕೇಂದ್ರಕ್ಕೆ ಬಂದು ಅರ್ಜಿ ಹಾಕಿದವರೇ ಅನರ್ಹರಾಗುತ್ತಾರೆ. ವಿದ್ಯಾರ್ಥಿವೇತನದಂತಹ ವಿಷಯದಲ್ಲಿ ಇದು ಒಂದು ವರ್ಷದ ನಷ್ಟ.

ಸಮಾಧಾನಕರ ಅಂಶವೆಂದರೆ, ಇದನ್ನು ಸಾಕ್ಷ್ಯಸಹಿತ ಸರಿಪಡಿಸಬಹುದು. ವೆಬ್ ಸರ್ವರ್ ತನ್ನಲ್ಲಿಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಸಮಯ ಹಾಗೂ ಕಾಲವಲಯದ ವ್ಯತ್ಯಾಸದೊಡನೆ ತನ್ನದೇ ದಿನಚರಿಯಲ್ಲಿ ಬರೆದಿಡುತ್ತದೆ. ಅದನ್ನು ಡೇಟಾಬೇಸ್‌ನ ದಾಖಲೆಯೊಡನೆ ಹೋಲಿಸಿದರೆ ನಿಖರವಾದ ವ್ಯತ್ಯಾಸ ತಿಳಿಯುತ್ತದೆ. ಅರ್ಜಿದಾರರ ಬಳಿ ಇರುವ ಎಸ್.ಎಂ.ಎಸ್. ಸಂದೇಶದ ಸಮಯ, ಶುಲ್ಕ ಪಾವತಿಯ ರಸೀದಿಯ ಸಮಯ ಇವು ಪೂರಕ ಸಾಕ್ಷ್ಯಗಳು. ಆದಕಾರಣ ಅರ್ಜಿಯ ಫಲಿತಾಂಶ ಬರುವವರೆಗೆ ಇವುಗಳನ್ನು ಅಳಿಸಬಾರದು.

ಪುಟ ತೆರೆಯದಿರುವುದು ಮತ್ತು ಪದೇ ಪದೇ ಲಾಗಿನ್ ಕೇಳುವುದು

ಜಾಲತಾಣವನ್ನು ಸುರಕ್ಷಿತ ಸಂಪರ್ಕಕ್ಕೆ ಬದಲಾಯಿಸಿದಾಗ "ಅತಿ ಹೆಚ್ಚು ಬಾರಿ ಮರುನಿರ್ದೇಶಿಸಲಾಗಿದೆ" ಎಂಬ ಅರ್ಥದ ಸಂದೇಶ ಬರಬಹುದು. ಸರ್ವರುಗಳ ಮುಂಭಾಗದಲ್ಲಿ ಕೋರಿಕೆಗಳನ್ನು ಹಂಚುವ ಒಂದು ಯಂತ್ರವಿದ್ದು, ಸುರಕ್ಷಿತ ಸಂಪರ್ಕವು ಅಲ್ಲಿಯೇ ಮುಗಿಯುತ್ತದೆ. ಒಳಗಿನ ತಂತ್ರಾಂಶಕ್ಕೆ ಕೋರಿಕೆಯು ಸಾಮಾನ್ಯ ಸಂಪರ್ಕದಿಂದ ಬಂದಂತೆ ಕಾಣುತ್ತದೆ. ಅದು "ಸುರಕ್ಷಿತ ವಿಳಾಸಕ್ಕೆ ಬನ್ನಿ" ಎಂದು ಹಿಂದಕ್ಕೆ ಕಳುಹಿಸುತ್ತದೆ. ಪುನಃ ಬಂದಾಗಲೂ ಅದೇ ಉತ್ತರ. ಸುಮಾರು ಇಪ್ಪತ್ತು ಬಾರಿ ಸುತ್ತಿದ ನಂತರ ಬ್ರೌಸರ್ ತಾನಾಗಿ ನಿಲ್ಲಿಸುತ್ತದೆ. ಮುಂಭಾಗದ ಯಂತ್ರವು ಮೂಲ ಸಂಪರ್ಕದ ಬಗೆಯನ್ನು ತಿಳಿಸುವ ಸೂಚನೆಯನ್ನು ಕಳುಹಿಸುವಂತೆಯೂ ಒಳಗಿನ ತಂತ್ರಾಂಶವು ಅದನ್ನು ನಂಬುವಂತೆಯೂ ಮಾಡುವುದು ಇದಕ್ಕೆ ಪರಿಹಾರ. ಎಲ್ಲರಿಗೂ ಒಂದೇ ಸಮಯದಲ್ಲಿ ಹೀಗಾಗುತ್ತಿದ್ದರೆ ಅರ್ಜಿದಾರರ ಗಣಕದಲ್ಲಿ ಏನನ್ನೂ ಬದಲಾಯಿಸಬೇಕಾಗಿಲ್ಲ.

ಲಾಗಿನ್ ಆದ ಕೂಡಲೇ ಮತ್ತೆ ಲಾಗಿನ್ ಪುಟವೇ ಬರುವುದಕ್ಕೆ ಕಾರಣ ಹೆಚ್ಚಾಗಿ ವಿಳಾಸ. ಆರಂಭದಲ್ಲಿ ಮೂರು ಡಬ್ಲ್ಯೂಗಳಿರುವ ವಿಳಾಸ ಮತ್ತು ಅವಿಲ್ಲದ ವಿಳಾಸ ಬ್ರೌಸರಿನ ದೃಷ್ಟಿಯಲ್ಲಿ ಬೇರೆ ಬೇರೆ. ಒಂದರಲ್ಲಿ ಪಡೆದ ಗುರುತು ಇನ್ನೊಂದರಲ್ಲಿ ನಡೆಯದಿರಬಹುದು. ಇಲಾಖೆಯು ಪ್ರಕಟಿಸಿದ ವಿಳಾಸವನ್ನೇ ಪೂರ್ಣವಾಗಿ ಬೆರಳಚ್ಚು ಮಾಡಿ ಪ್ರವೇಶಿಸುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೇಗ ಹೆಚ್ಚಿಸಲು ಪುಟಗಳ ಸಿದ್ಧ ಪ್ರತಿಯನ್ನು ಇಟ್ಟುಕೊಂಡು ಹಂಚುವ ವ್ಯವಸ್ಥೆಯು ಸಾರ್ವಜನಿಕ ಪುಟಗಳಿಗೆ ಮಾತ್ರ ಇರಬೇಕು. ಲಾಗಿನ್ ಆದವರ ಪುಟಗಳಿಗೂ ತಪ್ಪಾಗಿ ಅನ್ವಯಿಸಿದಲ್ಲಿ ಒಬ್ಬರ ವಿವರಗಳು ಇನ್ನೊಬ್ಬರಿಗೆ ಕಾಣಿಸುತ್ತವೆ. ಪರದೆಯ ಮೇಲೆ ಬೇರೆಯವರ ಹೆಸರು ಕಂಡಲ್ಲಿ ಮುಂದುವರಿಯದೆ ಹೊರಬಂದು ತಕ್ಷಣ ತಿಳಿಸತಕ್ಕದ್ದು. ಇದು ಮೇಲಿನ ಎಲ್ಲಕ್ಕಿಂತ ತುರ್ತಾದ ದೂರು.

ತಾಂತ್ರಿಕ ಸಿಬ್ಬಂದಿ ವೈರುಧ್ಯವನ್ನು ಪತ್ತೆಹಚ್ಚುವ ಕ್ರಮ

ದೂರು ಬಂದ ನಂತರವೂ ಪರಿಹಾರಕ್ಕೆ ಕೆಲವೊಮ್ಮೆ ಸಮಯ ಹಿಡಿಯುವುದಕ್ಕೆ ಕಾರಣವಿದೆ. ಡ್ರೂಪಲ್‌ನಂತಹ ತಂತ್ರಾಂಶದಲ್ಲಿ ಒಂದು ನಿರ್ಧಾರವನ್ನು ಡೇಟಾಬೇಸ್‌ನಲ್ಲಿಯೂ ಸರ್ವರಿನ ಸಂರಚನಾ ಕಡತದಲ್ಲಿಯೂ ಬರೆಯಬಹುದು. ಎರಡೂ ಕಡೆ ಬರೆದಿದ್ದರೆ ಕಡತದ ಮಾತೇ ನಡೆಯುತ್ತದೆ. ಆದರೆ ನಿರ್ವಾಹಕರ ಪರದೆಯಲ್ಲಿ ಡೇಟಾಬೇಸ್‌ನ ಸಂಖ್ಯೆಯೇ ಕಾಣುವ ಸಂದರ್ಭಗಳಿವೆ. ಪರದೆಯನ್ನು ನೋಡಿದವರು "ಎಲ್ಲವೂ ಸರಿಯಾಗಿದೆ" ಎಂದು ಉತ್ತರಿಸುತ್ತಾರೆ. ಅರ್ಜಿದಾರರ ಅನುಭವವೇ ಬೇರೆಯಾಗಿರುತ್ತದೆ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಆದ್ದರಿಂದ ಬರೆದಿರುವ ನಿರ್ಧಾರವನ್ನು ನೋಡುವುದಕ್ಕಿಂತ, ಚಾಲನೆಯಲ್ಲಿರುವ ನಿರ್ಧಾರ ಯಾವುದೆಂದು ಪ್ರತಿ ಪದರದಲ್ಲಿ ಕೇಳಿ ತಿಳಿಯುವುದು ಸರಿಯಾದ ಕ್ರಮ. ಬಳಿಕ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಲಾಗುತ್ತದೆ. ಹಲವನ್ನು ಒಟ್ಟಿಗೆ ಬದಲಾಯಿಸಿದರೆ ತೊಂದರೆ ನಿವಾರಣೆಯಾದರೂ ಯಾವುದರಿಂದ ನಿವಾರಣೆಯಾಯಿತು ಎಂಬುದು ತಿಳಿಯದೆ, ಮುಂದಿನ ಸ್ಥಳಾಂತರದಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. 2015ರಲ್ಲಿ ಬಂದ ಡ್ರೂಪಲ್ 8 ಆವೃತ್ತಿಯಿಂದ ಸಂರಚನೆಯನ್ನು ಪಠ್ಯ ಕಡತಗಳಾಗಿ ಹೊರತೆಗೆದು, ಪರೀಕ್ಷಾ ಸರ್ವರ್ ಹಾಗೂ ನೈಜ ಸರ್ವರಿನ ನಡುವಣ ವ್ಯತ್ಯಾಸವನ್ನು ಸಾಲುಸಾಲಾಗಿ ಹೋಲಿಸುವ ಸೌಲಭ್ಯವಿದೆ. ಇದು ತಂತ್ರಾಂಶದೊಳಗಿನ ನಿರ್ಧಾರಗಳಿಗೆ ಮಾತ್ರ ಅನ್ವಯಿಸುತ್ತದೆ. ವೆಬ್ ಸರ್ವರ್ ಮತ್ತು ಡೇಟಾಬೇಸ್‌ನ ನಿರ್ಧಾರಗಳನ್ನು ಪ್ರತ್ಯೇಕವಾಗಿಯೇ ಹೋಲಿಸಬೇಕು.

ಸ್ಥಳಾಂತರದ ದಿನವೇ ಇನ್ನೊಂದು ಸೂಕ್ಷ್ಮ ಕಾಲ. ಜಾಲತಾಣದ ಹೆಸರಿಗೆ ಹೊಸ ಸರ್ವರಿನ ವಿಳಾಸವನ್ನು ಜೋಡಿಸಿದರೂ, ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡಿರುವ ಅಂತರ್ಜಾಲ ಸೇವಾ ಸಂಸ್ಥೆಗಳ ಗ್ರಾಹಕರು ಕೆಲವು ಗಂಟೆಗಳವರೆಗೆ ಹಳೆಯ ಸರ್ವರಿಗೇ ಹೋಗುತ್ತಾರೆ. ಅಲ್ಲಿ ಅರ್ಜಿ ಸ್ವೀಕಾರವನ್ನು ನಿಲ್ಲಿಸದಿದ್ದರೆ ಆ ಅರ್ಜಿಗಳು ಹೊಸ ಡೇಟಾಬೇಸ್‌ಗೆ ಬರುವುದಿಲ್ಲ. "ಕಾರ್ಯನಿರ್ವಹಣೆಯ ನಿಮಿತ್ತ ಸೇವೆ ತಾತ್ಕಾಲಿಕವಾಗಿ ಸ್ಥಗಿತ" ಎಂಬ ಸೂಚನೆ ಅನಾನುಕೂಲವೆನಿಸಿದರೂ ಅರ್ಜಿ ಕಳೆದುಹೋಗದಂತೆ ತಡೆಯುವ ಉಪಾಯ ಅದೇ ಆಗಿದೆ.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಸ್ವೀಕೃತಿ ಸಂಖ್ಯೆ ಬಂದ ಮೇಲೆಯೇ ಅರ್ಜಿ ಸಲ್ಲಿಕೆಯಾಗಿದೆ ಎಂದು ತಿಳಿಯತಕ್ಕದ್ದು. ಕರ್ನಾಟಕದಲ್ಲಿ 'ಸಕಾಲ' ಎಂದು ಪ್ರಸಿದ್ಧವಾಗಿರುವ 2011ರ ಅಧಿನಿಯಮದ ವ್ಯಾಪ್ತಿಯ ಸೇವೆಗಳಲ್ಲಿ, ಅರ್ಜಿಯನ್ನು ಹಿಂಬಾಲಿಸಲು ಮತ್ತು ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರ. ಹಣ ಪಾವತಿಯಾಗಿ ಸಂಖ್ಯೆ ಬಾರದಿದ್ದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಅರ್ಜಿಯ ಸ್ಥಿತಿಯನ್ನೂ ಬ್ಯಾಂಕಿನ ವಹಿವಾಟಿನ ಸಂಖ್ಯೆಯನ್ನೂ ಪರಿಶೀಲಿಸಬೇಕು.

ದೂರು ನೀಡುವಾಗ "ಜಾಲತಾಣ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಪತ್ತೆಹಚ್ಚುವುದು ಕಷ್ಟ. ದಿನಾಂಕ, ನಿಮಿಷದವರೆಗಿನ ಸಮಯ, ಪುಟದ ಪೂರ್ಣ ವಿಳಾಸ, ದೋಷಸೂಚನೆಯ ಸಂಖ್ಯೆ ಅಥವಾ ಪದಗಳು, ಸೇರಿಸಿದ ಕಡತಗಳ ಗಾತ್ರ, ಮೊಬೈಲ್ ಅಥವಾ ಗಣಕ ಎಂಬ ವಿವರ ಇವಿಷ್ಟನ್ನು ನೀಡಿದಲ್ಲಿ ಸಿಬ್ಬಂದಿಯು ಸರ್ವರಿನ ದಿನಚರಿಯಲ್ಲಿ ಅದೇ ಕ್ಷಣದ ದಾಖಲೆಯನ್ನು ತೆರೆಯಬಹುದು. ಪರದೆಯ ಚಿತ್ರವನ್ನು ಲಗತ್ತಿಸುವುದು ಉತ್ತಮ. ಕೆಟ್ಟ ಅಕ್ಷರಗಳ ವಿಷಯದಲ್ಲಂತೂ ಚಿತ್ರ ಅತ್ಯವಶ್ಯ, ಏಕೆಂದರೆ ಪೆಟ್ಟಿಗೆಯೋ ಪ್ರಶ್ನಾರ್ಥಕ ಚಿಹ್ನೆಯೋ ಎಂಬುದರ ಮೇಲೆ ಮುಂದಿನ ಕ್ರಮ ನಿರ್ಧಾರವಾಗುತ್ತದೆ. ಚಿತ್ರದಲ್ಲಿ ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ ಕಾಣುತ್ತಿದ್ದರೆ ಅವುಗಳನ್ನು ಮುಚ್ಚಿ ಕಳುಹಿಸತಕ್ಕದ್ದು. ದೋಷವನ್ನು ಪರಿಶೀಲಿಸಲು ಅರ್ಜಿದಾರರ ಗುಪ್ತಪದವಾಗಲಿ, ಮೊಬೈಲಿಗೆ ಬರುವ ಒ.ಟಿ.ಪಿ.ಯಾಗಲಿ ಬೇಕಾಗುವುದಿಲ್ಲ, ಅವನ್ನು ಕೇಳುವ ಕರೆಗಳಿಗೆ ಉತ್ತರಿಸಬಾರದು.